ವಾಲಿವಧೆಯಿಂದ ಸ್ಟಾರ್ ಟ್ರೆಕ್‌ವರೆಗೆ: ಪದ ಬದಲಾಗದು, ಅರ್ಥ ನಮ್ಮದು

ಕೊಚ್ಚಿ: ಮಕ್ಕಳು ಸಂಘದ ಕಾರ್ಯಕ್ರಮಗಳಿಗೆ ಬರುವುದಿಲ್ಲ, ಬಂದರೂ ಊಟದ ಹೊತ್ತಿಗೆ ಬಂದು ಊಟ ಮುಗಿಸಿ ಹೋಗುತ್ತಾರೆ ಎಂಬುದು ಹೊರನಾಡಿನ ಯಾವ ಕನ್ನಡ ಸಂಘದ ಪದಾಧಿಕಾರಿಗಳನ್ನು ಕೇಳಿದರೂ ಸಿಗುವ ಉತ್ತರ. ಕೇರಳದಲ್ಲಿ ನೆಲೆಸಿರುವ ನಾವೂ ಇದಕ್ಕೆ ಹೊರತಲ್ಲ. ಆದರೆ ಅದೇ ಮಕ್ಕಳು ವಿಜ್ಞಾನ ಕಲ್ಪನೆಯ ಟಿ.ವಿ. ಧಾರಾವಾಹಿಯೊಂದರ ಕಥೆ ಹೀಗೆ ಸಾಗಿದ್ದು ಸರಿಯೇ, ಆ ಪಾತ್ರ ಸಾಯಬೇಕಿತ್ತೇ, ಆ ಲೋಕದ ನಿಯಮಕ್ಕೆ ಇದು ಒಪ್ಪುತ್ತದೆಯೇ ಎಂದು ಮಧ್ಯರಾತ್ರಿಯವರೆಗೆ ವಾದ ಮಾಡಬಲ್ಲರು. ಕೊಚ್ಚಿಯ ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ, ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರನ್ನು ಮಾತಿಗೆಳೆದು ನೋಡಿ, ಇದು ತಿಳಿಯುತ್ತದೆ.

ಹಿರಿಯರಿಗೆ ಇದು ಕಾಲಹರಣವಾಗಿ ಕಾಣುವುದು ಸಹಜ. ಇಲ್ಲದ ಗ್ರಹ, ಇಲ್ಲದ ಜನ, ಇಲ್ಲದ ಯುದ್ಧ, ಇದಕ್ಕೆಂಥ ಚರ್ಚೆ? ಆದರೆ ತಾಳಮದ್ದಳೆ ಕೇಳಿ ಬೆಳೆದ ಕರಾವಳಿಯವರು ಹೀಗೆ ಕೇಳುವಂತಿಲ್ಲ. ಇಂಥ ವಾದವನ್ನು ನಾವು ತಲೆಮಾರುಗಳಿಂದ ಮಾಡುತ್ತಲೇ ಬಂದಿದ್ದೇವೆ. ಅದಕ್ಕೆ ಹಿಮ್ಮೇಳವನ್ನೂ ಇಟ್ಟುಕೊಂಡಿದ್ದೇವೆ.

ಭಾನುವಾರದ ಬಾಹ್ಯಾಕಾಶ

ಇಂಥ ಚರ್ಚೆಗಳಿಗೆಲ್ಲ ಮೂಲಪುರುಷ ಎನ್ನಬಹುದಾದ ಧಾರಾವಾಹಿ 'ಸ್ಟಾರ್ ಟ್ರೆಕ್'. ಜೀನ್ ರಾಡನ್‌ಬೆರಿ ಎಂಬವರು ರೂಪಿಸಿದ ಇದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಆರಂಭವಾಗಿ 1969ರ ಜೂನ್‌ನಲ್ಲಿ ನಿಂತಿತು. ಒಟ್ಟು 79 ಕಂತು. ಎಂಟರ್‌ಪ್ರೈಸ್ ಎಂಬ ನೌಕೆ, ಅದರ ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ, ಭಾವನೆಗಳನ್ನು ಅದುಮಿಟ್ಟು ತರ್ಕವನ್ನೇ ನಂಬುವ ಸ್ಪಾಕ್, ಕೋಪಿಷ್ಠ ಡಾಕ್ಟರ್ ಮೆಕಾಯ್. ಈ ಮೂವರು ಮಾಡುವ ನಕ್ಷತ್ರಯಾನವೇ ಕಥೆ.

ಎರಡನೆಯ ವರ್ಷವೇ ಧಾರಾವಾಹಿ ನಿಲ್ಲುವ ಸುದ್ದಿ ಹಬ್ಬಿದಾಗ ಬ್ಯೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ದಂಪತಿ ಅಭಿಮಾನಿಗಳನ್ನು ಸಂಘಟಿಸಿದರು. ವಾಹಿನಿಗೆ ಸಾವಿರ ಸಾವಿರ ಪತ್ರಗಳು ಹೋದವು. 1968ರ ಮಾರ್ಚ್ 1ರಂದು ಧಾರಾವಾಹಿ ಮುಂದುವರಿಯುತ್ತದೆ ಎಂದು ವಾಹಿನಿಯೇ ಪ್ರಸಾರದಲ್ಲಿ ಪ್ರಕಟಿಸಬೇಕಾಯಿತು. ಆದರೆ ಮೂರನೆಯ ವರ್ಷ ಅದನ್ನು ಶುಕ್ರವಾರ ರಾತ್ರಿ 10 ಗಂಟೆಗೆ ತಳ್ಳಿದರು. ನೋಡಬೇಕಾದ ಹರೆಯದವರು ಮನೆಯಲ್ಲಿ ಇರದ ಹೊತ್ತು ಅದು. ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಧಾರಾವಾಹಿ ಮುಗಿದರೂ ವಾದ ಮುಗಿಯಲಿಲ್ಲ. ಆ ವಾದದ ಬಲದಿಂದಲೇ 1979ರಿಂದ ಸಿನಿಮಾಗಳು, ಆಮೇಲೆ ಹೊಸ ಹೊಸ ಧಾರಾವಾಹಿಗಳು ಹುಟ್ಟಿದವು ಎಂದರೆ ತಪ್ಪಾಗಲಾರದು.

ನನ್ನ ತಲೆಮಾರಿನವರಿಗೆ ಇದು ಸಿಕ್ಕಿದ್ದು 1980ರ ದಶಕದಲ್ಲಿ, ದೂರದರ್ಶನದ ಭಾನುವಾರ ಬೆಳಗಿನ ಪ್ರಸಾರದಲ್ಲಿ. ಬೀದಿಗೆ ಒಂದೆರಡು ಟಿ.ವಿ. ಇದ್ದ ಕಾಲ. ಇಂಗ್ಲಿಷ್ ಅರ್ಧ ತಿಳಿದು ಅರ್ಧ ತಿಳಿಯದಿದ್ದರೂ ಸ್ಪಾಕ್‌ನ ಕಿವಿ ಎಲ್ಲರಿಗೂ ತಿಳಿಯುತ್ತಿತ್ತು. ಅನಂತರ ನಮ್ಮವರೂ ಪ್ರಯತ್ನಿಸಿದರು. 'ಸ್ಪೇಸ್ ಸಿಟಿ ಸಿಗ್ಮಾ' ಬಂತು. 1989ರಲ್ಲಿ ಮಕ್ಕಳಿಗಾಗಿ ಬಂದ 'ಇಂದ್ರಧನುಷ್' ಧಾರಾವಾಹಿಯಲ್ಲಿ ನಮ್ಮ ಗಿರೀಶ ಕಾರ್ನಾಡರು ಅಭಿನಯಿಸಿದ್ದರು. ಮುಂದೆ ಹಿಂದಿ ಚಿತ್ರರಂಗದಲ್ಲಿ ಹೆಸರಾದ ಕರಣ್ ಜೋಹರ್, ಊರ್ಮಿಳಾ ಮಾತೋಂಡ್ಕರ್, ಆಶುತೋಷ್ ಗೋವಾರಿಕರ್ ಅವರೂ ಅದರಲ್ಲಿದ್ದರು. 1998ರಲ್ಲಿ ಕೇತನ್ ಮೆಹ್ತಾ ಅವರ 'ಕ್ಯಾಪ್ಟನ್ ವ್ಯೋಮ್' ಬಂತು, ಮಿಲಿಂದ್ ಸೋಮನ್ ನಾಯಕ. ಆಗಲೂ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ವಾದ ಮಾಡುತ್ತಿದ್ದರು.

ಮಂಜೂರಾದ ಸುಳ್ಳು

ಈ ವಾದದಲ್ಲಿ ಮೊದಲ ಪ್ರಶ್ನೆ ಸದಾ ಒಂದೇ: ಇದು ಸಾಧ್ಯವೇ? ತಿರುವನಂತಪುರದಲ್ಲಿ ಬಾಹ್ಯಾಕಾಶ ಕೇಂದ್ರದಿಂದ ನಿವೃತ್ತರಾದ ಹಿರಿಯರೊಬ್ಬರ ಮನೆಗೆ ಹೋದಾಗ ಇದೇ ಮಾತು ಬಂತು. "ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ನೌಕೆ ಸಿಡಿದರೆ ಸದ್ದು ಕೇಳುವುದು ಹೇಗೆ ಮಾರಾಯ್ರೇ?" ಎಂದು ಅವರು ನಕ್ಕರು. ಅವರ ಮಾತು ಸರಿ. ಇನ್ನೂ ಹೇಳಬೇಕೆಂದರೆ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯಿಂದ ಬೆಳಕು ಬರುವುದಕ್ಕೇ ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು. ಹಾಗಿರುವಾಗ ವಾರಕ್ಕೊಂದು ಹೊಸ ಗ್ರಹ ಮುಟ್ಟುವ ನೌಕೆ ಎಲ್ಲಿಂದ ಬರಬೇಕು?

ಇಲ್ಲಿ ನನ್ನ ಬ್ಯಾಂಕಿನ ಬುದ್ಧಿ ಒಂದು ಮಾತು ಹೇಳುತ್ತದೆ. ಬೆಳಕಿಗಿಂತ ವೇಗವಾಗಿ ಹೋಗುವ ನೌಕೆ ಎಂಬ ಒಂದು ಸುಳ್ಳನ್ನು ಪ್ರೇಕ್ಷಕ ಸಾಲವಾಗಿ ಮಂಜೂರು ಮಾಡಿರುತ್ತಾನೆ. ಆ ಸಾಲದ ಮೇಲೆ ಕಥೆ ನಡೆಯುತ್ತದೆ. ಆದರೆ ಮಂಜೂರಾತಿ ಪತ್ರದಲ್ಲಿ ಷರತ್ತುಗಳಿರುತ್ತವೆ. ಒಂದು ಕಂತಿನಲ್ಲಿ ನೌಕೆಗೆ ಹತ್ತು ದಿನದ ದಾರಿ ಎಂದವರು ಮುಂದಿನ ಕಂತಿನಲ್ಲಿ ಅದೇ ದಾರಿಯನ್ನು ಹತ್ತು ನಿಮಿಷದಲ್ಲಿ ಮುಗಿಸಿದರೆ ಪ್ರೇಕ್ಷಕ ಲೆಡ್ಜರ್ ತೆಗೆಯುತ್ತಾನೆ. ಅಭಿಮಾನಿಗಳ ವಾದವೆಂದರೆ ಹೆಚ್ಚಾಗಿ ಈ ಲೆಕ್ಕ ತಾಳೆ ನೋಡುವ ಕೆಲಸವೇ. ಅವರು ಕೇಳುವುದು ಇದು ಭೌತಶಾಸ್ತ್ರಕ್ಕೆ ಸರಿಯೇ ಎಂದಷ್ಟೇ ಅಲ್ಲ. ನೀವೇ ಮಾಡಿದ ನಿಯಮಕ್ಕೆ ಸರಿಯೇ ಎಂದು.

ತಮಾಷೆಯೆಂದರೆ, ಆ ನಿಯಮಗಳಲ್ಲಿ ಎಷ್ಟೋ ಹುಟ್ಟಿದ್ದು ಹಣದ ಅಡಚಣೆಯಿಂದ. ಸ್ಟಾರ್ ಟ್ರೆಕ್‌ನ ಜನ ಒಂದು ಕೋಣೆಯಲ್ಲಿ ನಿಂತು ಮಿನುಗಿ ಮಾಯವಾಗಿ ಗ್ರಹದ ಮೇಲೆ ಕಾಣಿಸಿಕೊಳ್ಳುತ್ತಾರಲ್ಲ, ಆ 'ಟ್ರಾನ್ಸ್‌ಪೋರ್ಟರ್' ಬಂದದ್ದು ಪ್ರತಿ ವಾರ ನೌಕೆ ಇಳಿಯುವ ದೃಶ್ಯ ಚಿತ್ರಿಸಲು ಹಣ ಸಾಲದೆ. ಆದರೆ ಒಮ್ಮೆ ಬಂದ ಮೇಲೆ ಅದು ಆ ಲೋಕದ ಕಾನೂನಾಯಿತು. ಅಪಾಯ ಬಂದಾಗಲೆಲ್ಲ 'ಟ್ರಾನ್ಸ್‌ಪೋರ್ಟರ್‌ನಲ್ಲಿ ಎತ್ತಿಕೊಳ್ಳಬಹುದಿತ್ತಲ್ಲ' ಎಂದು ಪ್ರೇಕ್ಷಕ ಕೇಳತೊಡಗಿದ. ಹಾಗಾಗಿ ಅದು ಕೆಟ್ಟುಹೋಗಲು ಬರಹಗಾರರು ಪದೇ ಪದೇ ಕಾರಣ ಹುಡುಕಬೇಕಾಯಿತು.

ಕ್ಲಿಂಗನ್ ಎಂಬ ಶತ್ರುಜನಾಂಗದ ಹಣೆಯ ಕಥೆ ಇನ್ನೂ ಸೊಗಸು. 1960ರ ದಶಕದ ಕಂತುಗಳಲ್ಲಿ ಅವರ ಹಣೆ ನಮ್ಮ ನಿಮ್ಮ ಹಣೆಯಂತೆಯೇ ಇತ್ತು. 1979ರ ಸಿನಿಮಾದಲ್ಲಿ ಪ್ರಸಾಧನಕ್ಕೆ ಹಣವಿತ್ತು, ಹಣೆಯ ಮೇಲೆ ಏಣುಗಳು ಬಂದವು. ಏಕೆ ಹೀಗೆ ಎಂದು ಅಭಿಮಾನಿಗಳು ಕೇಳುತ್ತಲೇ ಹೋದರು. 1996ರ ಕಂತೊಂದರಲ್ಲಿ ಹೊಸ ಕ್ಲಿಂಗನ್ ಹಳೆಯವರನ್ನು ಕಂಡಾಗ, ಆ ವಿಷಯವನ್ನು ಹೊರಗಿನವರ ಮುಂದೆ ನಾವು ಮಾತಾಡುವುದಿಲ್ಲ ಎಂಬರ್ಥದ ಮಾತು ಹೇಳಿ ನಗಿಸಿದ. ಕೊನೆಗೆ 2005ರಲ್ಲಿ 'ಎಂಟರ್‌ಪ್ರೈಸ್' ಎಂಬ ಧಾರಾವಾಹಿ ಎರಡು ಕಂತುಗಳನ್ನೇ ಇದಕ್ಕೆ ಮೀಸಲಿಟ್ಟು, ಒಂದು ವೈರಾಣುವಿನಿಂದ ಹಾಗಾಯಿತೆಂದು ಲೆಕ್ಕ ಚುಕ್ತಾ ಮಾಡಿತು. ಪ್ರೇಕ್ಷಕನ ಒಂದು ಪ್ರಶ್ನೆಗೆ ಕಾಲು ಶತಮಾನದ ಬಳಿಕ ಬಂದ ಉತ್ತರ!

ಪದ ಮತ್ತು ಅರ್ಥ

ಕೊಚ್ಚಿಯ ಪರಿಚಿತರ ಮನೆಯೊಂದರ ಸತ್ಯನಾರಾಯಣ ಪೂಜೆಯ ದಿನ, ಊಟದ ಬಳಿಕ ಹುಡುಗರ ಗುಂಪು ಇಂಥದೇ ಒಂದು ವಾದದಲ್ಲಿತ್ತು. ವಿಷಯ ಚೆಕಾವ್ ಎಂಬ ಪಾತ್ರದ್ದು. 1967ರ ಫೆಬ್ರವರಿಯ 'ಸ್ಪೇಸ್ ಸೀಡ್' ಕಂತಿನಲ್ಲಿ ಖಾನ್ ಎಂಬ ಖಳನಾಯಕ ಎಂಟರ್‌ಪ್ರೈಸ್ ನೌಕೆಗೆ ಬರುತ್ತಾನೆ. 1982ರ 'ದಿ ರಾತ್ ಆಫ್ ಖಾನ್' ಸಿನಿಮಾದಲ್ಲಿ ಅದೇ ಖಾನ್ ಚೆಕಾವ್‌ನನ್ನು ಕಂಡೊಡನೆ, ನಿನ್ನ ಮುಖ ನಾನು ಮರೆತಿಲ್ಲ ಎನ್ನುತ್ತಾನೆ. ಆದರೆ ಚೆಕಾವ್‌ನ ಪಾತ್ರಧಾರಿ ವಾಲ್ಟರ್ ಕೋನಿಗ್ ಧಾರಾವಾಹಿಗೆ ಸೇರಿದ್ದೇ ಎರಡನೆಯ ವರ್ಷದಲ್ಲಿ. 'ಸ್ಪೇಸ್ ಸೀಡ್' ಮೊದಲ ವರ್ಷದ್ದು. ಹಾಗಾದರೆ ಖಾನ್ ಅವನನ್ನು ನೋಡಿದ್ದೆಲ್ಲಿ?

"ಅದು ಬರೆದವರ ತಪ್ಪು, ಬಿಟ್ಟುಬಿಡು" ಎಂದ ಒಬ್ಬ. ಕಾಕ್ಕನಾಡಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಒಪ್ಪಲಿಲ್ಲ. "ನೌಕೆಯಲ್ಲಿ ನೂರಾರು ಜನ ಇದ್ದಾರೆ. ಚೆಕಾವ್ ಆಗ ಕೆಳಗಿನ ವಿಭಾಗದಲ್ಲಿ ಇದ್ದ, ನಮಗೆ ಕಾಣಿಸಿಲ್ಲ ಅಷ್ಟೆ" ಎಂದಳು. ಪಕ್ಕದಲ್ಲಿ ಕುಳಿತಿದ್ದ ಆಕೆಯ ಸೋದರಮಾವ, ಕಾಸರಗೋಡಿನ ಕಡೆಯವರು, ಎಲೆ ಅಡಿಕೆ ಮೆಲ್ಲುತ್ತಾ ಕೇಳಿದರು: "ಇದು ನೀನು ಅರ್ಥ ಹೇಳಿದ್ದಲ್ವಾ ಮಗಾ?" "ಅರ್ಥ ಅಂದ್ರೆ ಎಂತ ಮಾವ?" ಎಂದು ಅವಳು ಕೇಳಿದಳು. ಅಲ್ಲಿಂದ ಮಾತು ತಾಳಮದ್ದಳೆಗೆ ಹೊರಳಿತು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಂದಲೇ ಆ ಪದಕ್ಕೆ ಮಾತಿನಲ್ಲಿ ಅರ್ಥ ಕಟ್ಟುತ್ತಾರೆ. ಪದ ಯಾರೂ ಬದಲಿಸುವಂತಿಲ್ಲ. ಅದು ಕವಿ ಬರೆದಿಟ್ಟದ್ದು. ಅರ್ಥ ಮಾತ್ರ ಆ ರಾತ್ರಿ ಅಲ್ಲೇ ಹುಟ್ಟಬೇಕು. 'ವಾಲಿವಧೆ' ಪ್ರಸಂಗವನ್ನೇ ತೆಗೆದುಕೊಳ್ಳಿ. ರಾಮ ಮರೆಯಲ್ಲಿ ನಿಂತು ಬಾಣ ಬಿಡುವುದು, ವಾಲಿ ಬೀಳುವುದು ನಿಶ್ಚಿತ. ಬಿದ್ದ ವಾಲಿ ಕೇಳುತ್ತಾನೆ: ನಿನಗೂ ನನಗೂ ಏನು ವೈರ? ಎದುರು ನಿಂತು ಏಕೆ ಹೊಡೆಯಲಿಲ್ಲ? ರಾಮ ಉತ್ತರಿಸುತ್ತಾನೆ: ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು; ಈ ನೆಲ ಭರತನ ಆಡಳಿತದ್ದು, ಶಿಕ್ಷಿಸುವ ಅಧಿಕಾರ ನನಗಿದೆ. ವಾಲಿ ಬಿಡುವುದಿಲ್ಲ: ಕಪಿಗೆ ಮನುಷ್ಯರ ಧರ್ಮ ಹೇಗೆ ಅನ್ವಯಿಸುತ್ತದೆ? ಹೀಗೆ ಬೆಳಗಿನವರೆಗೆ ವಾದ ನಡೆಯಬಹುದು. ವಾಲಿ ವಾದದಲ್ಲಿ ಗೆದ್ದರೂ ಸಾಯಲೇಬೇಕು. ಅದೇ ಆ ಆಟದ ಸೊಗಸು.

ಈ ಕಲೆಯ ತವರು ನಾವಿರುವ ಕೇರಳದಲ್ಲೇ ಇದೆ ಎಂಬುದನ್ನು ನೆನಪಿಡಬೇಕು. ರಾಮಾಯಣದ ಪ್ರಸಂಗಗಳಿಗೆ ಹೆಸರಾದ ಪಾರ್ತಿಸುಬ್ಬ ಕಾಸರಗೋಡಿನ ಕುಂಬಳೆಯವನು. ವಾಲಿ, ರಾವಣ ಮುಂತಾದ ಪಾತ್ರಗಳ ಪರವಾಗಿ ವಾದ ಹೂಡಿ ಸಭೆಯನ್ನೇ ಅಲುಗಿಸುತ್ತಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಅದೇ ಮಣ್ಣಿನವರು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ತಾಳಮದ್ದಳೆ ಮಾತ್ರ ಕನ್ನಡದಲ್ಲೇ ಉಳಿಯಿತು.

ಆಕೆ ಸಾಯಲೇಬೇಕಿತ್ತೇ?

ಸ್ಟಾರ್ ಟ್ರೆಕ್‌ನಲ್ಲೂ ಒಂದು ವಾಲಿವಧೆ ಇದೆ. 1967ರ ಏಪ್ರಿಲ್ 6ರಂದು ಪ್ರಸಾರವಾದ 'ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್' ಕಂತು ಅದು. ಡಾಕ್ಟರ್ ಮೆಕಾಯ್ ಕಾಲದ ಬಾಗಿಲೊಂದನ್ನು ದಾಟಿ 1930ರ ನ್ಯೂಯಾರ್ಕ್‌ಗೆ ಹೋಗಿ ಚರಿತ್ರೆಯನ್ನೇ ಬದಲಿಸಿಬಿಡುತ್ತಾನೆ. ಅವನನ್ನು ಹುಡುಕಿ ಹೋದ ಕರ್ಕ್ ಮತ್ತು ಸ್ಪಾಕ್‌ಗೆ ಕಾರಣ ತಿಳಿಯುತ್ತದೆ. ಬಡವರಿಗೆ ಅನ್ನ ಹಾಕುವ ಈಡಿತ್ ಕೀಲರ್ ಎಂಬ ಸಾಧ್ವಿ ರಸ್ತೆ ಅಪಘಾತದಲ್ಲಿ ಸಾಯಬೇಕಿತ್ತು. ಆಕೆ ಬದುಕಿ ಉಳಿದರೆ ಶಾಂತಿ ಚಳವಳಿ ಕಟ್ಟುತ್ತಾಳೆ, ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ತಡವಾಗಿ ಇಳಿಯುತ್ತದೆ, ಹಿಟ್ಲರ್ ಗೆಲ್ಲುತ್ತಾನೆ. ಅಷ್ಟರಲ್ಲಿ ಕರ್ಕ್ ಆಕೆಯನ್ನು ಪ್ರೀತಿಸಿಬಿಟ್ಟಿದ್ದಾನೆ. ಕೊನೆಗೆ ಆಕೆಯನ್ನು ಉಳಿಸಲು ಧಾವಿಸಿದ ಮೆಕಾಯ್‌ನನ್ನು ಕರ್ಕ್‌ನೇ ಹಿಡಿದು ನಿಲ್ಲಿಸುತ್ತಾನೆ.

ಒಳ್ಳೆಯವಳೊಬ್ಬಳು ಸಾಯುವುದನ್ನು ಕೈಕಟ್ಟಿ ನೋಡುವುದು ಧರ್ಮವೇ? ಲಕ್ಷಾಂತರ ಜನರ ಲೆಕ್ಕದ ಮುಂದೆ ಒಂದು ಜೀವದ ಲೆಕ್ಕ ಸಣ್ಣದೇ? ಶಾಂತಿ ಬಯಸುವುದೇ ಅಪರಾಧವಾಯಿತೇ? ಈ ಪ್ರಶ್ನೆಗಳ ಬಗ್ಗೆ ಐವತ್ತು ವರ್ಷಕ್ಕೂ ಮೀರಿ ವಾದ ನಡೆದಿದೆ. ರಥದ ಚಕ್ರ ಹೂತಾಗ ಕರ್ಣನ ಮೇಲೆ ಬಾಣ ಬಿಡುವಂತೆ ಅರ್ಜುನನಿಗೆ ಹೇಳಿದ ಕೃಷ್ಣನನ್ನು ನಾವು ಕೇಳುವ ಪ್ರಶ್ನೆಯೂ ಇದೇ ಜಾತಿಯದು.

ಪದವನ್ನೇ ತಿದ್ದಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 1982ರ ಸಿನಿಮಾದಲ್ಲಿ ಸ್ಪಾಕ್ ತನ್ನ ನೌಕೆಯನ್ನು ಉಳಿಸಲು ಪ್ರಾಣ ಕೊಟ್ಟ. 1984ರ ಮುಂದಿನ ಸಿನಿಮಾದಲ್ಲಿ ಅವನನ್ನು ಬದುಕಿಸಿದರು. ಕೆಲವರು ಸಂತೋಷಪಟ್ಟರೆ, ಸತ್ತವನು ಹಿಂದಿರುಗುವುದಾದರೆ ತ್ಯಾಗಕ್ಕೆ ಬೆಲೆಯೇನು ಎಂಬ ಪ್ರಶ್ನೆಯೂ ಹಾಗೆಯೇ ಉಳಿಯಿತು. ನಾನು ಎರಡನೆಯವರ ಪಕ್ಷ. ಕಣ್ಣೀರಿಗೂ ರಸೀದಿ ಇರಬೇಕು.

ಕೇರಳದ ನೆಲದಲ್ಲಿ

ಸ್ಟಾರ್ ಟ್ರೆಕ್ ಆರಂಭವಾಗುವುದಕ್ಕೆ ಮೂರು ವರ್ಷ ಮೊದಲೇ, 1963ರ ನವೆಂಬರ್ 21ರಂದು, ತಿರುವನಂತಪುರದ ಬಳಿಯ ತುಂಬಾದಿಂದ ನಮ್ಮ ದೇಶದ ಮೊದಲ ರಾಕೆಟ್ ಹಾರಿತ್ತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಹತ್ತಿರವಿದ್ದುದರಿಂದ ಆ ಮೀನುಗಾರರ ಹಳ್ಳಿ ಆಯ್ಕೆಯಾಯಿತು. ಸಂತ ಮೇರಿ ಮ್ಯಾಗ್ಡಲೀನ್ ಇಗರ್ಜಿಯೇ ಆರಂಭದ ಕಾರ್ಯಾಲಯ. ಇಂದು ಅದೇ ಕಟ್ಟಡ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ರಾಕೆಟ್ ಭಾಗವನ್ನು ಸೈಕಲ್ ಮೇಲೆ ಸಾಗಿಸುತ್ತಿರುವ ಚಿತ್ರ ನೋಡದವರಿಲ್ಲ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರು 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು ಎಂಬುದು ನಮ್ಮ ಹೆಮ್ಮೆ.

ಈ ಚರಿತ್ರೆಯನ್ನೇ ಆಧರಿಸಿ 2022 ಮತ್ತು 2023ರಲ್ಲಿ 'ರಾಕೆಟ್ ಬಾಯ್ಸ್' ಎಂಬ ಹಿಂದಿ ಧಾರಾವಾಹಿ ಬಂದಾಗಲೂ ವಾದವಾಯಿತು. ಭಾಭಾ ಅವರ ಪ್ರತಿಸ್ಪರ್ಧಿಯಾಗಿ ರಝಾ ಎಂಬ ಕಲ್ಪಿತ ವಿಜ್ಞಾನಿಯನ್ನು ತಂದಿದ್ದರು. ಆ ಪಾತ್ರದಲ್ಲಿ ಅನೇಕರಿಗೆ ಮೇಘನಾದ ಸಾಹಾ ಕಂಡರು. ಬದುಕಿದ್ದ ಮನುಷ್ಯನ ಜಾಗದಲ್ಲಿ ಇನ್ನೊಂದು ಹೆಸರು, ಇನ್ನೊಂದು ಧರ್ಮ ಇಟ್ಟದ್ದು ಸರಿಯೇ ಎಂಬುದು ಪ್ರಶ್ನೆ. ಕಲ್ಪಿತ ಲೋಕದಲ್ಲಿ ನಿಯಮ ಮುರಿದರೆ ಕಥೆಗೆ ನಷ್ಟ. ನಡೆದ ಚರಿತ್ರೆಯಲ್ಲಿ ಮುರಿದರೆ ಮನುಷ್ಯರಿಗೆ ನಷ್ಟ. ಪ್ರೇಕ್ಷಕರು ಇವೆರಡನ್ನೂ ಬೇರೆ ಬೇರೆಯಾಗಿ ತೂಗಬಲ್ಲರು.

ಮಲಯಾಳಿಗಳೂ ಈಗ ತಮ್ಮದೇ ಲೋಕ ಕಟ್ಟುತ್ತಿದ್ದಾರೆ. ಕೃಷಾಂದ್ ಅವರ 'ಆವಾಸವ್ಯೂಹಂ' ಕೊಚ್ಚಿಯ ಪುದುವೈಪ್ಪಿನ ದ್ವೀಪಜನರ ನಡುವೆ ನಡೆಯುವ ವಿಜ್ಞಾನ ಕಲ್ಪನೆ. 2021ರ ಸಾಲಿನ ಅತ್ಯುತ್ತಮ ಚಿತ್ರವೆಂದು ಕೇರಳ ರಾಜ್ಯ ಪ್ರಶಸ್ತಿ ಪಡೆಯಿತು. 2024ರ ಜೂನ್‌ನಲ್ಲಿ ಬಂದ 'ಗಗನಚಾರಿ' 2040ರ ದಶಕದ ಕೇರಳವನ್ನು ಕಲ್ಪಿಸಿ ನಗಿಸಿತು. ಇವು ಸಿನಿಮಾಗಳಾದರೂ ಚರ್ಚೆ ಅದೇ ಬಗೆಯದು: ನಮ್ಮ ಊರು ಮುಂದೆ ಹೀಗಾಗುತ್ತದೆಯೇ?

ಆ ಲೋಕದಲ್ಲಿ ನಮ್ಮ ಜಾಗ

ಲೋಕ ಕಟ್ಟುವಾಗ ಅದರಲ್ಲಿ ಯಾರನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದೂ ಮುಖ್ಯ. ಮೇಲೆ ಹೇಳಿದ ಖಾನ್‌ನ ಪೂರ್ಣ ಹೆಸರು ಖಾನ್ ನೂನಿಯನ್ ಸಿಂಗ್. ಕಥೆಯ ಪ್ರಕಾರ ಉತ್ತರ ಭಾರತದ ಕಡೆಯವನು, ಬಹುಶಃ ಸಿಖ್. 1992ರಿಂದ 1996ರವರೆಗೆ ಭೂಮಿಯ ಕಾಲು ಭಾಗವನ್ನು ಆಳಿದ ಸರ್ವಾಧಿಕಾರಿ. ಪಾತ್ರ ಮಾಡಿದವರು ಮೆಕ್ಸಿಕೊದ ರಿಕಾರ್ಡೊ ಮೊಂಟಾಲ್ಬಾನ್. 2013ರಲ್ಲಿ ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್‌ಗೆ ಆ ಪಾತ್ರ ಕೊಟ್ಟಾಗ ಭಾರತೀಯ ಹೆಸರಿಗೆ ಭಾರತೀಯ ನಟ ಸಿಗಲಿಲ್ಲವೇ ಎಂಬ ಆಕ್ಷೇಪ ಎದ್ದಿತು. ಅತ್ತ 1990ರ ದಶಕ ಅಂಥ ಯಾವ ಯುದ್ಧವೂ ಇಲ್ಲದೆ ಕಳೆದುಹೋಯಿತು. ಕೊನೆಗೆ 2023ರ ಧಾರಾವಾಹಿಯೊಂದರಲ್ಲಿ, ಕಾಲಯಾನಿಗಳ ಕೈವಾಡದಿಂದ ಆ ಘಟನೆಗಳು ಮುಂದಕ್ಕೆ ಹೋಗಿವೆ ಎಂದು ಅರ್ಥ ಹೇಳಿದರು!

ನಮ್ಮ ಮಟ್ಟಿಗೆ ಇದು ದೂರದ ಮಾತಲ್ಲ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಮಲಯಾಳದ 'ಲೋಕಃ ಅಧ್ಯಾಯ 1: ಚಂದ್ರ' ಕಳ್ಳಿಯಂಕಾಟ್ಟು ನೀಲಿಯ ಐತಿಹ್ಯವನ್ನು ಇಂದಿನ ಬೆಂಗಳೂರಿಗೆ ತಂದು ಅದ್ಭುತ ಯಶಸ್ಸು ಕಂಡಿತು. ಅದರ ಒಂದು ಸಂಭಾಷಣೆ ಬೆಂಗಳೂರಿನ ಹೆಣ್ಣುಮಕ್ಕಳನ್ನು ಅವಹೇಳನ ಮಾಡುತ್ತದೆಂದು ಕನ್ನಡಿಗರು ಆಕ್ಷೇಪಿಸಿದರು. ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿತು. ಚಿತ್ರ ಮೆಚ್ಚಿಕೊಂಡೇ ಆ ಮಾತನ್ನು ಆಕ್ಷೇಪಿಸಿದ ಕನ್ನಡದ ಹುಡುಗ ಹುಡುಗಿಯರು ಕೊಚ್ಚಿಯಲ್ಲೂ ಇದ್ದಾರೆ, ತಮ್ಮ ಮಲಯಾಳಿ ಸಹೋದ್ಯೋಗಿಗಳ ಎದುರಿಗೇ. ಕುರುಡು ಅಭಿಮಾನಕ್ಕೂ ಕುರುಡು ಕೋಪಕ್ಕೂ ಜಾರದೆ ಹೀಗೆ ವಾದಿಸುವುದಕ್ಕೆ ತರಬೇತಿ ಬೇಕು. ಆ ತರಬೇತಿ ಅವರಿಗೆ ಈ ಧಾರಾವಾಹಿಗಳ ಚರ್ಚೆಯಿಂದಲೇ ಬಂದಿದೆ ಎಂದು ನನ್ನ ಅನಿಸಿಕೆ.

ಸಂಘಗಳು ಮಾಡಬಹುದಾದ್ದು

ವಿಷಾದದ ಸಂಗತಿಯೆಂದರೆ ಈ ವಾದವೆಲ್ಲ ನಡೆಯುವುದು ಇಂಗ್ಲಿಷಿನಲ್ಲಿ, ಸ್ವಲ್ಪ ಮಲಯಾಳದಲ್ಲಿ. ಮಕ್ಕಳ ಬುದ್ಧಿಯ ಅತಿ ಚುರುಕಾದ ಭಾಗ ಕನ್ನಡಕ್ಕೆ ಸಿಗುತ್ತಿಲ್ಲ. ಮನೆಯಲ್ಲಿ ಊಟ, ತಿಂಡಿ, ಬೈಗುಳಕ್ಕೆ ಕನ್ನಡ. ವಿಚಾರಕ್ಕೆ ಬೇರೆ ಭಾಷೆ. ಎರಡು ತಲೆಮಾರು ಹೀಗೆ ಹೋದರೆ ಸಂಘದಲ್ಲಿ ಉಳಿಯುವುದು ಬೋರ್ಡು ಮಾತ್ರ.

ಮುಂಬಯಿಯಿಂದ ಹಿಡಿದು ಎಲ್ಲ ಊರುಗಳ ಸಂಘಗಳಲ್ಲೂ ತಾಳಮದ್ದಳೆ ಬಲ್ಲವರಿದ್ದಾರೆ. ವರ್ಷಕ್ಕೊಂದು ಸಂಜೆ ಹಿರಿಯರು 'ವಾಲಿವಧೆ' ನಡೆಸಲಿ. ಅದರ ಬೆನ್ನಿಗೇ ಹುಡುಗರು ಕರ್ಕ್, ಸ್ಪಾಕ್, ಮೆಕಾಯ್ ಆಗಿ ಕುಳಿತು ಈಡಿತ್ ಕೀಲರಳ ಪ್ರಸಂಗಕ್ಕೆ ಕನ್ನಡದಲ್ಲಿ ಅರ್ಥ ಹೇಳಲಿ. ಖರ್ಚು ಒಂದು ಜಮಖಾನ, ಎರಡು ಮೈಕು, ಚಹಾ. ನಿಯಮ ಹಳೆಯದೇ: ಕಥೆ ಬದಲಿಸಬಾರದು, ಎದುರಾಳಿಯ ಮಾತು ಪೂರ್ತಿ ಕೇಳಬೇಕು, ಉತ್ತರ ಕೊಡದೆ ಜಾರಬಾರದು. ಕನ್ನಡ ತೊದಲಿದರೆ ತೊದಲಲಿ, ಇಂಗ್ಲಿಷ್ ಪದ ಬೆರೆತರೆ ಬೆರೆಯಲಿ. ತಿದ್ದುವ ಹಿರಿಯರು ನಗದಿದ್ದರೆ ಸಾಕು.

ಪೂಜೆಯ ಮನೆಯ ಆ ಹುಡುಗಿ ಅನಂತರ ತನ್ನ ಮಾವನ ಬಳಿ ವಾಲಿಯ ಪರವಾಗಿ ಏನೇನು ವಾದ ಹೂಡಬಹುದೆಂದು ಕೇಳಿ ಬರೆದುಕೊಂಡಳಂತೆ. ಬರೆದದ್ದು ಇಂಗ್ಲಿಷ್ ಲಿಪಿಯಲ್ಲಿ, ಮಾತು ಮಾತ್ರ ಕನ್ನಡವೇ. ಇಂಥವರಿಗೆ ವೇದಿಕೆ ಕೊಡುವುದು ನಮ್ಮ ಸಂಘಗಳ ಕೈಯಲ್ಲಿದೆ.